ಉಪ್ಪು ಮುಟ್ಟೇ ಇಲ್ಲ ಕಣವ್ವಾ

ಬಿಪಿ ಇರುವವರನ್ನು ಮುಂದೆ ಕೂರಿಸಿಕೊಂಡು "ಏನು ತಿಂತೀರಿ?" ಅಂತ ಕೇಳೋದಕ್ಕಿಂತ, ಕಳ್ಳನನ್ನು ಕೂರಿಸಿಕೊಂಡು "ಎಲ್ಲಿ ಕದ್ದೆ?" ಅಂತ ಕೇಳೋದು ಸುಲಭ. ಕಳ್ಳ ನಾಲ್ಕು ಏಟು ಬಿದ್ದ ಮೇಲಾದರೂ ನಿಜ ಹೇಳುತ್ತಾನೆ. ನಾನು ಇಪ್ಪತ್ತೆರಡು ವರ್ಷದಿಂದ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ನರ್ಸ್. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡೋದು, ಮಾತ್ರೆ ಕೊಡೋದು, "ಉಪ್ಪು ಕಮ್ಮಿ ಮಾಡಿ" ಅಂತ ಹೇಳೋದು, ಇಷ್ಟು ನನ್ನ ಕೆಲಸ. ಮೊದಲ ಎರಡು ಹೇಗೋ ಆಗುತ್ತವೆ. ಮೂರನೆಯದನ್ನು ಗೋಡೆಗೆ ಹೇಳುವುದೇ ವಾಸಿ. ಗೋಡೆ ಎದುರು ಮಾತಾಡುವುದಿಲ್ಲ.

ಹೆಸರಿನಲ್ಲೇನಿದೆ

ತೆರಕಣಾಂಬಿಯಲ್ಲಿ ಒಬ್ಬ ತಾತ. ವಯಸ್ಸು ಎಪ್ಪತ್ತರ ಮೇಲೆ, ಮೀಸೆಗೆ ಮಾತ್ರ ಇನ್ನೂ ಮೂವತ್ತು. ಯಾವತ್ತು ನೋಡಿದರೂ ಬಿಪಿ ನೂರ ಎಂಬತ್ತಕ್ಕೆ ಕಮ್ಮಿ ಇದ್ದದ್ದಿಲ್ಲ.

"ತಾತ, ಉಪ್ಪು ಕಮ್ಮಿ ಮಾಡಿದ್ದೀಯಾ?"

"ಕಮ್ಮಿ ಏನ್ ಬಂತು, ಮುಟ್ಟೇ ಇಲ್ಲ ಕಣವ್ವಾ! ದೇವ್ರಾಣೆ. ಉಪ್ಪಿನ ಡಬ್ಬ ಎಲ್ಲದೆ ಅನ್ನದೇ ನಂಗೊತ್ತಿಲ್ಲ."

ಅದೇನೋ ನಿಜ. ಹುಟ್ಟಿದಾಗಿನಿಂದ ಆತ ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ. ಉಪ್ಪಿನ ಡಬ್ಬ ಇರಲಿ, ಒಲೆ ಯಾವ ಮೂಲೆಯಲ್ಲಿದೆ ಅಂತ ಗೊತ್ತಿದ್ದರೆ ಹೆಚ್ಚು.

"ಹೋಗಲಿ, ಬೆಳಗ್ಗೆ ಏನು ಉಂಡೆ?"

"ಇನ್ನೇನು ಉಂಡೇನು, ಬಡವ್ರು. ಒಂದು ಮುದ್ದೆ ಹಿಟ್ಟು, ಉಪ್ಸಾರು. ನಂಚ್ಕಳಕೆ ವಸಿ ಉಪ್ಪಿನಕಾಯಿ."

"ಉಪ್ಸಾರು! ಉಪ್ಪಿನಕಾಯಿ! ಎರಡರ ಹೆಸರಲ್ಲೂ ಉಪ್ಪೇ ಇದೆಯಲ್ಲ ತಾತ!"

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಓದಿ ಹಾಳಾದವರನ್ನು ನೋಡುವ ಕರುಣೆ ಕಣ್ಣಲ್ಲಿತ್ತು.

"ಓದ್ದವ್ರು ನೀವು. ಮೈಸೂರ್ ಪಾಕ್ ವಳಗೆ ಮೈಸೂರ್ ಇದ್ದದೇನವ್ವಾ?"

ಗುಲಾಬಿ ಉಪ್ಪು

ಗುಂಡ್ಲುಪೇಟೆಯಲ್ಲಿ ಒಬ್ಬರು ದೊಡ್ಡ ವ್ಯಾಪಾರಸ್ಥರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಉಪದೇಶ. ಬಿಪಿ ಇದೆ ಅಂತ ಮೊದಲ ಸಲ ಹೇಳಿದಾಗ ನನ್ನ ಮೇಲೇ ರೇಗಿದರು.

"ಏನ್ರೀ ಸಿಸ್ಟರ್, ನಾವು ಮೊಟ್ಟೆ ಕೂಡ ಮುಟ್ಟೋರಲ್ಲ. ನಮಗೆಲ್ಲಿಂದ ಬರುತ್ತೆ ಬಿಪಿ?"

ಬಿಪಿ ಏನು ಕುರಿ ಬೆನ್ನ ಮೇಲೆ ಕೂತು ಬರುತ್ತದಾ? ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕತ್ತು, ಗಡಿಯಾಚೆಯಿಂದ ಬರುವ ಬಾಳೆಕಾಯಿ ಚಿಪ್ಸು, ಇವೆಲ್ಲ ಸಸ್ಯಾಹಾರವೇ. ಅದನ್ನೇ ಹೇಳಿದೆ. ಮುಂದಿನ ತಿಂಗಳು ನಗುನಗುತ್ತಾ ಬಂದರು. ಅಳಿಯ ಮೊಬೈಲಿನಲ್ಲಿ ಏನೋ ತೋರಿಸಿದನಂತೆ. ಬಿಳಿ ಉಪ್ಪು ವಿಷ, ಗುಲಾಬಿ ಬಣ್ಣದ ಕಲ್ಲುಪ್ಪು ಔಷಧಿ ಅಂತ.

"ಮನೇಲಿದ್ದ ಬಿಳಿ ಉಪ್ಪನ್ನೆಲ್ಲ ಆಚೆ ಹಾಕಿದೆ. ಈಗ ಬೆಳಗ್ಗೆ ಬಿಸಿನೀರಿಗೆ ಒಂದು ಚಮಚ ಗುಲಾಬಿ ಉಪ್ಪು, ಮಧ್ಯಾಹ್ನ ಮಜ್ಜಿಗೆಗೆ ಒಂದು ಚಮಚ. ಔಷಧಿ ಅಲ್ವಾ, ತಪ್ಪಿಸಲ್ಲ."

"ಸಾರ್, ಒಬ್ಬರಿಗೆ ಇಡೀ ದಿನದ ಅಡುಗೆಗೆಲ್ಲ ಸೇರಿ ಒಂದು ಟೀ ಚಮಚ ಉಪ್ಪೇ ಜಾಸ್ತಿ. ಬಣ್ಣ ಯಾವುದಾದರೂ ಉಪ್ಪು ಉಪ್ಪೇ."

"ನಿಮಗೆ ಗೊತ್ತಾಗಲ್ಲ ಬಿಡಿ."

ಪಟ್ಟಿ ಸುತ್ತಿದೆ. ಹೋದ ತಿಂಗಳಿಗಿಂತ ಇಪ್ಪತ್ತು ಜಾಸ್ತಿ. ತೋರಿಸಿದೆ. ನಂಬಲಿಲ್ಲ. ಇನ್ನೊಂದು ತೋಳಿಗೆ ಸುತ್ತಿ ಅಂದರು, ಸುತ್ತಿದೆ, ಅಲ್ಲೂ ಅಷ್ಟೇ. ಮೆಷಿನನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇಜಾರಿನಿಂದ ಕೆಳಗಿಟ್ಟರು.

"ಹಳೇ ಮೆಷಿನ್ನು ಸಿಸ್ಟರ್. ಬಿಳಿ ಉಪ್ಪು ಯಾವುದು, ಗುಲಾಬಿ ಉಪ್ಪು ಯಾವುದು ಅಂತ ಇದಕ್ಕೆ ಗೊತ್ತಾಗ್ತಾ ಇಲ್ಲ."

ಶಿಬಿರ

ಚಂದಕವಾಡಿ ಹತ್ತಿರದ ಒಂದು ಊರಿನ ಸಂಘದವರು ಬಿಪಿ ಬಗ್ಗೆ ಅರಿವಿನ ಶಿಬಿರ ಮಾಡಿದರು. ಪೆಂಡಾಲು, ಮೈಕು, ಹೂವಿನ ಹಾರ. ಬೆಳಗ್ಗೆ ಬರಬೇಕಾಗಿದ್ದ ಮುಖ್ಯ ಅತಿಥಿ ಮಧ್ಯಾಹ್ನಕ್ಕೆ ಬಂದರು. ಬಂದವರು ಮುಕ್ಕಾಲು ಗಂಟೆ ಮಾತಾಡಿದರು. "ನಮ್ಮ ಹಿರಿಯರು ಏನು ತಿಂತಿದ್ದರು? ರಾಗಿ, ಸೊಪ್ಪು, ಕಾಳು! ನಾವೇನು ತಿಂತಿದ್ದೀವಿ? ಬರೀ ಉಪ್ಪು, ಬರೀ ಎಣ್ಣೆ!" ಅನ್ನುವುದು, ಮುಂದಿಟ್ಟ ತಟ್ಟೆಯಿಂದ ಒಂದು ಹಿಡಿ ಖಾರದ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುವುದು. ಮತ್ತೆ "ಎಚ್ಚೆತ್ತುಕೊಳ್ಳಿ!" ಅನ್ನುವುದು, ಮತ್ತೊಂದು ಹಿಡಿ. ಭಾಷಣ ಮುಗಿಯುವುದಕ್ಕೂ ತಟ್ಟೆ ಖಾಲಿಯಾಗುವುದಕ್ಕೂ ಸರಿಹೋಯಿತು.

ಉದ್ಘಾಟನೆ ಅಂತ ಮೊದಲ ಬಿಪಿ ಅವರದೇ ನೋಡಿದೆ. ನೂರ ಎಪ್ಪತ್ತು. ಫೋಟೋ ತೆಗೆಯುವವನು ಮುಂದಿದ್ದನಲ್ಲ, ಅವರು ನಗು ಬಿಡದೆ ನನ್ನ ಕಿವಿಯಲ್ಲಿ "ನೂರ ಇಪ್ಪತ್ತು ಅಂತ ಹೇಳಿ" ಅಂದರು. ಕ್ಯಾಮೆರಾ ಮುಂದೆ ಕುಳಿತರೆ ರಕ್ತ ಕೂಡ ತಗ್ಗಿ ಬಗ್ಗಿ ನಡೆಯುತ್ತದೆ ಅಂದುಕೊಂಡಿದ್ದರೋ ಏನೋ. ನಾನು ನೂರ ಎಪ್ಪತ್ತು ಅಂತ ಮೈಕಿಗೇ ಕೇಳುವಂತೆ ಹೇಳಿದೆ. ಅವರು ಹಾರ ತೆಗೆದು ಕಾರು ಹತ್ತಿದರು.

ಆಮೇಲೆ ಬಂದವರಿಗೆಲ್ಲ ಒಂದೊಂದು ಕವರ್ ಕೊಟ್ಟರು. ಬಿಚ್ಚಿ ನೋಡಿದೆ. ಮಿಕ್ಸ್ಚರ್, ಉಪ್ಪು ಬಿಸ್ಕತ್ತು, ಮಸಾಲೆ ಮಜ್ಜಿಗೆ. ಸಂಘದವರನ್ನು ಕರೆದು ಬೈಯುತ್ತಿದ್ದೆ, ಅಷ್ಟರಲ್ಲಿ ಒಬ್ಬ ಅಜ್ಜಿ ಕವರ್ ಹಿಡಿದುಕೊಂಡು ಬಂದು ನನ್ನನ್ನೇ ಕೇಳಿತು:

"ಅವ್ವಾ, ಇದು ಬಿಪಿ ಇರವ್ರಿಗಾ, ಇಲ್ಲಾ ಬರ್ಲಿ ಅಂತ ಇಲ್ದವ್ರಿಗೂ ಕೊಡ್ತೀರಾ?"

ಸೌತೆಕಾಯಿ

ಇಷ್ಟೆಲ್ಲ ಬೈಯುವ ನನಗೂ ಬಿಪಿ ಇದೆ. ನಮ್ಮವ್ವನಿಗೂ ಇತ್ತು. "ನಂಗೇನಾಗದೆ, ಗುಂಡ್ಕಲ್ ಇದ್ದಂಗಿವ್ನಿ" ಅನ್ನುತ್ತಲೇ ಮಾತ್ರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಗ್ಗೆ ಬಲಗೈ ಬಲಗಾಲು ಬಿದ್ದುಹೋದವು. ಮೂರು ವರ್ಷ ನಾನೇ ತುತ್ತು ಮಾಡಿ ತಿನ್ನಿಸಿದೆ. ಹಾಗಾಗಿ ನನ್ನ ಬಾಯಿ ಸ್ವಲ್ಪ ಜೋರು.

ಬಾಯಿ ಜೋರಾದರೇನು, ನಾಲಿಗೆ ನೆಟ್ಟಗಿರಬೇಕಲ್ಲ. ಒಂದು ದಿನ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸು ಹತ್ತಿ ಕೂತಿದ್ದೆ. ಕಿಟಕಿಯ ಹತ್ತಿರ ಸೌತೆಕಾಯಿಯವಳು ಬಂದಳು. ನಾಲ್ಕಾಗಿ ಸೀಳಿ, ಒಳಗೆ ಉಪ್ಪು ಖಾರ ಸವರಿ ಕೊಡುವುದು ನೋಡಿದರೆ ಸತ್ತವರ ಬಾಯಲ್ಲೂ ನೀರು ಬರುತ್ತದೆ. "ಒಂದು ಕೊಡಮ್ಮ, ಖಾರ ಚೆನ್ನಾಗಿ ಹಾಕು" ಅನ್ನಬೇಕು ಅಂತ ಬಾಯಿ ತೆರೆದೆ. ಪಕ್ಕದ ಸೀಟಿನಿಂದ "ನಮಸ್ಕಾರ ಸಿಸ್ಟರ್" ಅಂತ ದನಿ ಬಂತು. ತಿರುಗಿದರೆ, ಹಿಂದಿನ ವಾರವಷ್ಟೇ ಉಪ್ಪಿನ ವಿಷಯಕ್ಕೆ ನನ್ನ ಕೈಲಿ ಹಿಗ್ಗಾಮುಗ್ಗಾ ಬೈಸಿಕೊಂಡಿದ್ದ ಹೆಂಗಸು.

ತೆರೆದ ಬಾಯಿ ತೆರೆದೇ ಇತ್ತು. ಏನಾದರೂ ಹೇಳಲೇಬೇಕು.

"ಒಂದು ಕೊಡಮ್ಮ. ಉಪ್ಪು ಖಾರ ಏನೂ ಬೇಡ. ಹಾಗೇ ಕೊಡು."

ಬಸ್ಸಿನವರೆಲ್ಲ ನೋಡುವಂತೆ, ದೇವರ ಪ್ರಸಾದ ತಿನ್ನುವ ಮುಖ ಮಾಡಿಕೊಂಡು ಆ ಸಪ್ಪೆ ಸೌತೆಕಾಯಿ ಕಚ್ಚಿದೆ. ಆ ಹೆಂಗಸು ನನ್ನನ್ನು ಭಕ್ತಿಯಿಂದ ನೋಡಿ ಸೌತೆಕಾಯಿಯವಳಿಗೆ ಹೇಳಿದಳು:

"ನಂಗೂ ಒಂದು ಕೊಡವ್ವಾ. ಅವ್ರು ಬುಟ್ಟ ಉಪ್ಪುಕಾರನೂ ಇದ್ಕೇ ಹಾಕ್ಬುಡು."

ಎರಡು ಮನೆ

ಹರವೆ ಕಡೆಯ ಒಂದು ಊರಲ್ಲಿ ಇಬ್ಬರು ಗೆಳೆಯರು. ಒಬ್ಬ ನಿವೃತ್ತ ಕಂಡಕ್ಟರ್, ಇನ್ನೊಬ್ಬ ಅರಿಸಿನ ಬೆಳೆಯುವ ರೈತ. ಒಬ್ಬನ ಮನೆ ಬೀದಿಯ ಈ ತುದಿ, ಇನ್ನೊಬ್ಬನದು ಆ ತುದಿ. ಓದಿದ್ದು ಒಂದೇ ಶಾಲೆ, ಕೂತದ್ದು ಒಂದೇ ಬೆಂಚು, ಕೊನೆಗೆ ಕಾಯಿಲೆಯೂ ಒಂದೇ ಬಂತು.

ಇಬ್ಬರ ಹೆಂಡಿರನ್ನೂ ಕೂರಿಸಿಕೊಂಡು ಹೇಳಿದೆ. ಸಾರಿಗೆ ಉಪ್ಪು ತೀರಾ ಕಮ್ಮಿ ಹಾಕಿ, ಹುಳಿ ನಿಂಬೆಹಣ್ಣು ಬೆಳ್ಳುಳ್ಳಿಯಲ್ಲಿ ರುಚಿ ಮಾಡಿ, ಉಪ್ಪಿನಕಾಯಿ, ಉಪ್ಪು ಹಾಕಿ ಒಣಗಿಸಿದ ಕರಿಮೀನು ಗಂಡನ ಕಣ್ಣಿಗೇ ಬೀಳಬಾರದು. ಇಬ್ಬರೂ ತಲೆಯಾಡಿಸಿದರು. ಮಾತು ಕೇಳುವ ಇಂಥ ಹೆಂಗಸರನ್ನು ನನ್ನ ನೌಕರಿಯಲ್ಲೇ ನೋಡಿರಲಿಲ್ಲ.

ಮೂರು ತಿಂಗಳಾದರೂ ಇಬ್ಬರ ಬಿಪಿಯೂ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಆಗಲೂ ಇಳಿಯಲಿಲ್ಲ. ನಾನು ಹೆಂಗಸರನ್ನು ಹಿಡಿದು ಗದರಿಸಿದೆ. ಕಂಡಕ್ಟರ್ ಹೆಂಡತಿ ಅತ್ತೇಬಿಟ್ಟಳು.

"ನನ್ ಮಕ್ಳಾಣೆ ಸಿಸ್ಟರ್, ಸಪ್ಪೆ ಸಾರೇ ಇಕ್ತಿವ್ನಿ. ಪಾಪ, ಅವ್ರೂ ಬಾಯ್ ಮುಚ್ಕಂಡು ಎರಡು ತುತ್ತು ಉಂಡು ಎದ್ದೋಯ್ತಾರೆ."

ರೈತನ ಹೆಂಡತಿಯೂ ಅದನ್ನೇ ಹೇಳಿದಳು. ದೀಪ ಮುಟ್ಟಿ ಹೇಳಿದಳು.

ಆಮೇಲೊಂದು ದಿನ ರೈತ ಹೊಲದಲ್ಲೇ ತಲೆ ಸುತ್ತಿ ಬಿದ್ದ. ಮೂಗಿನಲ್ಲಿ ರಕ್ತ, ಬಿಪಿ ಇನ್ನೂರ ಹತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಎರಡು ದಿನಕ್ಕೆ ಸುಧಾರಿಸಿಕೊಂಡು ಮನೆಗೆ ಬಂದ, ಕೈಕಾಲಿಗೆ ಏನೂ ಆಗಿರಲಿಲ್ಲ. ನನಗೆ ಭಯವಾಗಿತ್ತು. ಇದರ ಬುಡ ಕಂಡೇ ತೀರಬೇಕು ಅಂತ, ಮುಂದಿನ ವಾರ ಹೇಳದೆ ಕೇಳದೆ ಊಟದ ಹೊತ್ತಿಗೆ ಸರಿಯಾಗಿ ಕಂಡಕ್ಟರ್ ಮನೆಗೆ ನುಗ್ಗಿದೆ.

ಒಳಗೆ ಕಂಡಕ್ಟರ್ ಇಲ್ಲ. ಅವನ ಜಾಗದಲ್ಲಿ, ಗಂಗಾಳದ ಮುಂದೆ, ರೈತ ಕೂತಿದ್ದಾನೆ! ಹಿಟ್ಟು, ಕರಿಮೀನು ಸಾರು, ಪಕ್ಕದಲ್ಲಿ ಉಪ್ಪಿನಕಾಯಿ. ನನ್ನನ್ನು ನೋಡಿ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಏನಣ್ಣ ಇಲ್ಲಿ?"

ಉತ್ತರ ಕೊಟ್ಟವಳು ಕಂಡಕ್ಟರ್ ಹೆಂಡತಿ. "ದಿನಾ ಬತ್ತಾರೆ ಸಿಸ್ಟರ್. ಪಾಪ, ಅವ್ರ ಹೆಂಡ್ತಿ ಸಪ್ಪೆ ಇಕ್ತಾಳಂತೆ."

"ಅವರಿಗೂ ಬಿಪಿ ಇದೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು. ಅವ್ರ ಬಿಪಿ ಅವ್ರ ಹೆಂಡ್ತಿ ನೋಡ್ಕತಾಳೆ. ಮನೆಗೆ ಬಂದವ್ರಿಗೆ ನಾನು ಸಪ್ಪೆ ಇಕ್ಕಕಾಯ್ತದಾ? ಮರ್ವಾದೆ ಪ್ರಶ್ನೆ."

"ನಿನ್ನ ಗಂಡ ಎಲ್ಲಿ?"

"ಎರಡು ತುತ್ತು ಉಂಡು ಅರಳಿಕಟ್ಟೆ ತಾವ್ಕೆ ಹೋದ್ರು."

ನನಗೆ ಥಟ್ಟನೆ ಅನುಮಾನ ಬಂತು. ಅವಳ ಕೈ ಹಿಡಿದು ಎಳೆದುಕೊಂಡು ಬೀದಿಯ ಆ ತುದಿಗೆ ನಡೆದೆ. ರೈತನ ಮನೆಯಲ್ಲಿ ಕಂಡಕ್ಟರ್ ಉಂಡು ಮುಗಿಸಿ ಬೆರಳು ನೆಕ್ಕುತ್ತಿದ್ದ. ರೈತನ ಹೆಂಡತಿ ಪಕ್ಕದಲ್ಲಿ ನಿಂತು "ಇನ್ನೊಂದು ಹಪ್ಪಳ ಹಾಕ್ಲಾ ಅಣ್ಣ?" ಅಂತ ಉಪಚಾರ ಮಾಡುತ್ತಿದ್ದಳು.

ಆ ಮನೆಯ ಕರಿಮೀನಿನ ವಿಷಯ ನಾನೇ ಹೇಳಿದೆ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜಗಳ ಬೀದಿಗೆ ಬಿತ್ತು.

"ಕಣ್ಣೀರ್ ಹಾಕ್ಕಂಡು ನಾನು ಸಪ್ಪೆ ಬೇಯಿಸ್ತಿದ್ರೆ, ನನ್ ಗಂಡಂಗೆ ಹಪ್ಪಳ ಇಕ್ತಿದ್ಯಾ ನೀನು?"

"ನೀನ್ ಇಕ್ಕಿದ್ ಕರಿಮೀನ್ ತಿಂದೇ ಅಲ್ವಾ ನನ್ ಗಂಡ ಹೊಲದಲ್ಲಿ ಬಿದ್ದಿದ್ದು?"

ಇಬ್ಬರ ಆಣೆಯೂ ಸುಳ್ಳಾಗಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ರೈತನನ್ನೂ ಕರೆಸಿ, ನಾಲ್ಕೂ ಜನರನ್ನು ಸಾಲಾಗಿ ನಿಲ್ಲಿಸಿ ಬೈದೆ. ಬೈದು ಬೈದು ನನ್ನ ಬಿಪಿ ಏರಿತು. ಕೊನೆಗೆ ಹೆಂಗಸರೇ ತೀರ್ಮಾನ ಮಾಡಿದರು. ಇನ್ನು ಮೇಲೆ ಎರಡು ಮನೆಯಲ್ಲೂ ನೆಂಟ ಬರಲಿ, ದೇವರೇ ಬರಲಿ, ಸಪ್ಪೆ ಸಾರೇ.

ಎರಡು ತಿಂಗಳಲ್ಲಿ ಇಬ್ಬರ ಬಿಪಿಯೂ ಇಳಿಯಿತು. ಡಾಕ್ಟರು ನನ್ನನ್ನು ಹೊಗಳಿದರು. ಆದರೆ ಬಿಪಿ ತೋರಿಸಲು ಬಂದ ಗೆಳೆಯರಿಬ್ಬರೂ ಒಂದೇ ಬೆಂಚಿನ ಈ ತುದಿಗೊಬ್ಬ, ಆ ತುದಿಗೊಬ್ಬ ಮುಖ ತಿರುಗಿಸಿಕೊಂಡು ಕೂತಿದ್ದರು. ಪಟ್ಟಿ ಸುತ್ತುತ್ತಾ ರೈತನನ್ನು ಮೆಲ್ಲಗೆ ಕೇಳಿದೆ.

"ಏನಣ್ಣ, ಚಿಕ್ಕಂದಿನ ಸ್ನೇಹ, ಇಷ್ಟಕ್ಕೆಲ್ಲ ಜಗಳ ಆಡಿಕೊಂಡು ಕೂರೋದಾ?"

ರೈತ ನಿಟ್ಟುಸಿರು ಬಿಟ್ಟ.

"ಜಗಳ ಗಿಗಳ ಏನಿಲ್ಲ ಸಿಸ್ಟರ್. ಅವನ್ ಮನೆ ಉಪ್ಪಿನ ಋಣ ತೀರೋಯ್ತು."