ಮೈಕಿಗೂ ಬಾಯಿಗೂ ಒಂದು ಗೇಣು

ಯಂತ್ರಗಳ ವಿಷಯದಲ್ಲಿ ಏನೂ ಗೊತ್ತಿಲ್ಲದವರಿಂದ ಅಪಾಯವಿಲ್ಲ. ಅವರು ಮುಟ್ಟುವುದೇ ಇಲ್ಲ. ಅರ್ಧಂಬರ್ಧ ಗೊತ್ತಿರುವ ನನ್ನಂಥವರದೇ ಕಾಟ. ಎಪ್ಪತ್ತರ ದಶಕದ ಕೊನೆಯಲ್ಲಿ ಟಿಳಕವಾಡಿಯ ನಮ್ಮ ಓಣಿಗೆ ಮೊದಲ ಟೇಪ್ ರೆಕಾರ್ಡರ್ ತಂದವನು ನಾನು. ಅದರ ಜೊತೆಗೆ ಉದ್ದ ವೈರಿನ ಒಂದು ಮೈಕೂ ಬಂದಿತ್ತು. ಬಾಯಿಗೆ ಹತ್ತಿರವಾದಷ್ಟೂ ದನಿ ಚೆನ್ನ ಎಂಬುದು ನಾನೇ ಕಂಡುಹಿಡಿದ ಸಿದ್ಧಾಂತ. ನನ್ನ ಮಾತು ನಂಬಿ ಓಣಿಯ ಹಾಡುಗಾರರೆಲ್ಲ ಹೆಚ್ಚುಕಡಿಮೆ ಅದನ್ನು ಕಚ್ಚಿಕೊಂಡೇ ಹಾಡುತ್ತಿದ್ದರು.

ಅದೇ ವರ್ಷ ಖಾನಾಪುರದ ಶಾಂತಾಳೊಂದಿಗೆ ನನ್ನ ಮದುವೆಯಾಯಿತು. ಆಗ ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೇಳಿದರೆ ಒಡಪಿನಲ್ಲಿ, ಪ್ರಾಸ ಕೂಡಿಸಿ, ಅದೂ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದಾಗ. ಇಂಥದ್ದನ್ನು ಟೇಪಿನಲ್ಲಿ ಹಿಡಿಯದಿದ್ದರೆ ನಾನೆಂಥ ಮೈಕು ಪಂಡಿತ? ಬಾಸಿಂಗ ಕಟ್ಟಿಕೊಂಡೇ ಯಂತ್ರವನ್ನು ಹೆಗಲಿಗೇರಿಸಿದೆ.

"ವೈನಿ, ಹೆಸರ ಹೇಳಿ ಒಳಗ ಬರ್ರಿ," ಎಂದು ನನ್ನ ತಂಗಿ ಹೊಸ ಅತ್ತಿಗೆಗೆ ಬಾಗಿಲಲ್ಲಿ ಅಡ್ಡ ನಿಂತಳು. ನಾನು ಮೈಕನ್ನು ಮದುಮಗಳ ತುಟಿಗೇ ಒಡ್ಡಿದೆ. ಅವಳು ತಲೆ ತಗ್ಗಿಸಿ ಹೇಳಿದಳು. ಎಲ್ಲರೂ ಹೋ ಎಂದು ನಕ್ಕರು. ನಾನು ಮಾತ್ರ ಯಂತ್ರದ ಕೆಂಪು ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಹೇಗೂ ಟೇಪಿನಲ್ಲಿರುತ್ತದೆ, ಆಮೇಲೆ ನಿಧಾನವಾಗಿ ಕೇಳಿದರಾಯಿತು ಎಂಬ ಧೈರ್ಯ.

ಮರುದಿನ ಕೇಳಿದೆ. "ಖಾನಾಪುರದಿಂದ ರೈಲ ಬಂತ ಸರಸರ, ನನ್ನ ಕೈ ಹಿಡದವರು..." ಆಮೇಲೆ ಫಡ್, ಫಡ್! ಅಷ್ಟೇ.

ಶಹಾಪುರದಲ್ಲಿ ಸಭೆಗಳಿಗೆ ಮೈಕ್ ಸೆಟ್ ಕಟ್ಟುವ ದುಂಡಪ್ಪನ ಬಳಿ ಓಡಿದೆ. ಅವನು ಟೇಪು ಹಾಕಿ ಕೇಳಿ, "ನಿಮ್ಮ ಹೆಸರೇನ್ರಿ ಸರ?" ಎಂದ. ಪ್ರಭಾಕರ ಎಂದೆ.

"ಅಂಗೈ ಬಾಯಿ ಮುಂದ ಹಿಡಕೊಂಡು ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಅಂಗೈಗೆ ಬೆಚ್ಚಗೆ ಉಸಿರು ಬಡಿಯಿತು.

"ಪ, ಭ ಅಂದ್ರ ಗಾಳಿ ಹೊಡೀತೈತ್ರಿ. ಮೈಕು ಒಂದ ಗೇಣ ದೂರ, ಚೂರ ಬಾಜೂಕ ಹಿಡೀಬೇಕು. ಗಾಳಿ ಮುಂದ ಹೋಕ್ಕೈತಿ, ಮಾತು ಮೈಕಿಗಿ ಬರತೈತಿ."

ಮನೆಗೆ ಬಂದು, ಗೇಣಳೆದು ಮೈಕು ಹಿಡಿದು, ಇನ್ನೊಮ್ಮೆ ಹೇಳೆಂದು ಹೆಂಡತಿಯನ್ನು ಬೇಡಿಕೊಂಡೆ.

"ಒಮ್ಮೆ ಹೇಳೀನಲ್ರಿ. ಮಂದಿ ಎಲ್ಲಾ ಕೇಳ್ಯಾರ," ಎಂದಳು. "ನೀವ ಅಲ್ಲೇ ಬಾಜೂಕ ಇದ್ರಲ್ಲ?"

ಅವಳು ಎಷ್ಟು ದಿನ ಆ ಪ್ರಾಸವನ್ನು ಮನಸ್ಸಿನಲ್ಲೇ ಜೋಡಿಸಿದ್ದಳೋ! ಎಲ್ಲರಿಗಿಂತ ಹತ್ತಿರ ನಿಂತಿದ್ದ ನಾನೊಬ್ಬನೇ ಅದನ್ನು ಕೇಳಿರಲಿಲ್ಲ. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು, ದುಃಖವೂ ಆಯಿತು.

ಅಂದಿನಿಂದ ಯಾವ ಸಭೆಗೆ ಹೋದರೂ ಮಾತನಾಡುವವರಿಗೆ "ಒಂದು ಗೇಣು, ಸ್ವಲ್ಪ ಪಕ್ಕಕ್ಕೆ" ಎಂದು ಉಪದೇಶ ಮಾಡುತ್ತ ಬಂದಿದ್ದೇನೆ. ಆ ಕ್ಯಾಸೆಟ್ಟನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದೆ. ಒಂದು ಮಧ್ಯಾಹ್ನ ಆರು ವರ್ಷದ ಮಗಳು ಅದನ್ನು ಹಾಕಿ ಕೇಳಿದಳು.

"ಅಪ್ಪಾ, ಅವ್ವನ ಕೈ ಹಿಡದ ಈ ಫಡ್ ಯಾರು?"

"ಅದು ನಾನ," ಎಂದೆ.

ಅಡುಗೆಮನೆಯಿಂದ ಹೆಂಡತಿಯ ನಗು ಬಂತು. ಸದ್ಯ, ನನ್ನ ಕೈಯಲ್ಲಿ ಮೈಕಿರಲಿಲ್ಲ, ಪೂರ್ತಿ ಕೇಳಿಸಿಕೊಂಡೆ.