ಕ್ಲೊಟಿಲ್ಡಾಬಾಯಿಯ ಸೂರ್ಯ

ಬಹ್ರೇನಿನಂಥ ಊರಿನಲ್ಲಿದ್ದೂ ಮಗಳಿಗೆ ಬಿಸಿಲಿನ ಕೊರತೆಯೆಂದು ಡಾಕ್ಟರು ಹೇಳಿದಾಗ, ಅನ್ನಛತ್ರದ ಅಡುಗೆಮನೆಯಲ್ಲೇ ಕೂತು ಉಪವಾಸ ಬಿದ್ದಷ್ಟು ನಾಚಿಕೆಯಾಯಿತು ಧನಂಜಯನಿಗೆ. ಏಳು ವರ್ಷದ ಪ್ರೇರಣಾ ಎರಡು ಮೆಟ್ಟಿಲು ಹತ್ತಿದರೆ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಔಷಧಿಯ ಹನಿಯ ಜೊತೆ ಬಿಸಿಲೂ ಬೇಕಿತ್ತು. ಅವಳೋ ಟ್ಯಾಬ್ ಬಿಟ್ಟು ಏಳುವವಳಲ್ಲ.

"ಟೆರೇಸಿಗೆ ಬಾ ಪುಟ್ಟಿ, ಚಳಿಗಾಲದ ಬಿಸಿಲು, ಹಿತವಾಗಿದೆ."

"ನೋ ಪಪ್ಪಾ. ಬೋರಿಂಗ್!"

ಈ ಮಾತು ಗೋಡೆ ದಾಟಿ ಪಕ್ಕದ ಫ್ಲ್ಯಾಟಿನ ನಿವೃತ್ತ ನರ್ಸ್ ಕ್ಲೊಟಿಲ್ಡಾಬಾಯಿಯನ್ನು ಮುಟ್ಟಿತು. ಶುಕ್ರವಾರ ಬೆಳಿಗ್ಗೆ, ಧನಂಜಯನ ಹೆಂಡತಿ ಕಾಂತಾ ತರಕಾರಿಗೆ ಹೋಗಿದ್ದಾಗ, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತ ಹಿತ್ತಾಳೆಯ ಕರೆಂಟ್ ದೀಪವೊಂದನ್ನು ಅವರು ತಳ್ಳಿಕೊಂಡು ಬಂದರು.

"ನನ್ನ ಅಜ್ಜಿಯದ್ದು ಮಾರಾಯ್ರೆ, ಅವರೂ ನರ್ಸೇ. ನೂರು ವರ್ಷದ ಹಿಂದೆ, ಬಿಸಿಲೇ ಕಾಣದ ಊರುಗಳಲ್ಲಿ ಮಕ್ಕಳ ಕಾಲು ಬಿಲ್ಲಿನ ಹಾಗೆ ಬಾಗ್ತಿತ್ತು. ಬಿಸಿಲಿನ ಹಾಗೇ ಬೆಳಕು ಕೊಡುವ ಇಂಥ ದೀಪ ಹಚ್ಚಿ, ಕಪ್ಪು ಕನ್ನಡಕ ಹಾಕಿ, ಸುತ್ತ ಕೂರಿಸಿ ಹಾಡು ಹೇಳಿಸುವುದು. ಹಾಗೆ ಎದ್ದು ಓಡಿದ ಮಕ್ಕಳು ಎಷ್ಟು ಉಂಟು ಗೊತ್ತುಂಟಾ!"

ಧನಂಜಯನ ಕೈ ತಾನಾಗಿ ಮುಗಿಯಿತು. ಯಾರದೋ ಕೂಸುಗಳಿಗಾಗಿ ಆಸ್ಪತ್ರೆಯ ಕೋಣೆಯೊಳಗೆ ಸೂರ್ಯನನ್ನೇ ಇಳಿಸಿದ ಆ ಹೆಂಗಸರು ಅವನ ಕಣ್ಣಿಗೆ ಋಷಿಗಳಂತೆ ಕಂಡರು.

ದೀಪದ ಜೊತೆ ಬಂದ ಕಪ್ಪು ಕನ್ನಡಕ ಕಂಡದ್ದೇ ಪ್ರೇರಣಾ ಟ್ಯಾಬ್ ಬಿಸಾಡಿದಳು. "ವಾವ್!"

"ಶಬ್ದ ಬಂದ್ರೆ ಹೆದರಬೇಡ. ನಾನು ಹೇಳೋವರೆಗೂ ಅಲ್ಲಾಡಬಾರದು, ಕನ್ನಡಕ ತೆಗೀಬಾರದು" ಎಂದು ಅವಳಿಗೆ ಕನ್ನಡಕ ತೊಡಿಸಿ, ದೀಪದ ಮುಂದೆ ಕೂರಿಸಿ, ಪರದೆ ಎಳೆದು ಧನಂಜಯ ಸ್ವಿಚ್ ಒತ್ತಿದ.

ಫಟ್! ದೀಪವೂ ಹೋಯಿತು, ಇಡೀ ಬಿಲ್ಡಿಂಗಿನ ಕರೆಂಟೂ ಹೋಯಿತು.

ಅವನೂ ಕ್ಲೊಟಿಲ್ಡಾಬಾಯಿಯೂ ಕೆಳಗೆ ಮೇನ್ ಬೋರ್ಡಿನತ್ತ ಓಡಿದರು. ಅಲ್ಲಿ ಮೂರನೇ ಮಹಡಿಯ ಡೆನ್ನಿಸ್ ಲುಂಗಿ ಕಟ್ಟಿ ನಿಂತಿದ್ದ. "ಯಾರು ಮಾರಾಯ ಫ್ಯೂಸ್ ತೆಗೆದದ್ದು? ಮ್ಯಾಚ್ ಲಾಸ್ಟ್ ಓವರ್!"

ಅಷ್ಟರಲ್ಲಿ ವೈಫೈ ಸತ್ತ ಮನೆಗಳಿಂದ ಮಕ್ಕಳು, ನೀರು ಹೊಕ್ಕ ಗೂಡಿನ ಇರುವೆಗಳಂತೆ, ಒಬ್ಬೊಬ್ಬರಾಗಿ ಹೊರಬಿದ್ದು ಟೆರೇಸಿಗೆ ಹತ್ತಿದರು. ಕುಂಟಾಬಿಲ್ಲೆ, ಕಿರುಚಾಟ. ತಾಯಂದಿರು ಚಾಪೆ ಹಾಸಿದರು. ಮೆಕ್ಯಾನಿಕ್ ಬರುವುದು ತಡವೆಂದು ತಿಳಿದು ಡೆನ್ನಿಸ್ ಅವರಿಬ್ಬರನ್ನೂ ಟೆರೇಸಿಗೆ ಎಳೆದೊಯ್ದ.

"ನನ್ನ ಮಗ ಆಕಾಶ ನೋಡದೆ ಎಷ್ಟು ಕಾಲ ಆಗಿತ್ತು ಭಾಯ್!" ಎಂದಳು ದೀಪದ ಕಥೆ ಕೇಳಿದ ಎದುರುಮನೆಯ ನುಸೈಬಾ. "ಪ್ರತಿ ಶುಕ್ರವಾರ ನಿಮ್ಮ ದೀಪ ಹಚ್ಚಿ, ಆಯ್ತಾ?"

"ನೋಡಿ, ಅಜ್ಜಿಯ ದೀಪದ ಮಹಿಮೆ!" ಎಂದು ಕ್ಲೊಟಿಲ್ಡಾಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಧನಂಜಯ ಮದುಮಗನಂತೆ ಬೀಗುತ್ತ ಮಕ್ಕಳ ಗುಂಪಿನಲ್ಲಿ ಕಣ್ಣಾಡಿಸಿದ. ಎಲ್ಲರೂ ಇದ್ದರು. ಪ್ರೇರಣಾ ಇರಲಿಲ್ಲ.

ಎದ್ದುಬಿದ್ದು ಕೆಳಗೋಡಿದ. ಕತ್ತಲ ಕೋಣೆಯಲ್ಲಿ, ಸತ್ತ ದೀಪದ ಮುಂದೆ, ಕಪ್ಪು ಕನ್ನಡಕ ತೊಟ್ಟು ಮಗಳು ಪುಟ್ಟ ಯೋಗಿನಿಯಂತೆ ನೆಟ್ಟಗೆ ಕೂತಿದ್ದಳು, ಎರಡೂ ಕಾಲು ಚಾಚಿ.

"ಪುಟ್ಟೀ, ಅವಾಗಿಂದ ಹೀಗೇ ಕೂತಿದ್ದೀಯಾ?"

"ಪಪ್ಪಾ, ಅಡ್ಡ ನಿಲ್ಬೇಡ" ಎಂದಳು ಪ್ರೇರಣಾ, ಕದಲದೆ. "ಬಿಸಿಲು ಬರ್ತಿಲ್ಲ."