ನಿಂಬೆಹಣ್ಣು ದಾಟದ ಗಾಡಿ

ಕೈ ಸುಮ್ಮನಿರದ ಗಂಡಸಿಗೆ ಬೇರೆ ಮೇಜು ಕೊಡದಿದ್ದರೆ ಅವನು ಊಟದ ಮೇಜನ್ನೇ ಹಿಡಿಯುತ್ತಾನೆ. ನಾನು ಹಿಡಿದಿದ್ದೆ. ನಂಜನಗೂಡಿನ ನಮ್ಮ ಮನೆಯಲ್ಲಿ ಕಳೆದ ದಸರಾದಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಮೇಜಿನ ಮೇಲೆ ನಾನೇ ಜೋಡಿಸುತ್ತಿದ್ದ ಆಟಿಕೆ ರೋಬೋ ಗಾಡಿ ಕೂತಿತ್ತು. ನಾಲ್ಕು ಚಕ್ರ, ಮೋಟಾರು, ಮಿದುಳಿನ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಮೈಕ್ರೋಕಂಟ್ರೋಲರ್ ಬೋರ್ಡು, ಮೊಬೈಲಿನಿಂದ ಬ್ಲೂಟೂತಿನಲ್ಲಿ ಆಜ್ಞೆ. ಮುಂದೆ ಎಂದರೆ ಹಿಂದೆ ಹೋಗುತ್ತಿತ್ತು. ತಂತಿ ಅದಲು ಬದಲು ಮಾಡಿದೆ, ನಿಂತಲ್ಲೇ ಗಿರಗಿರನೆ ತಿರುಗಿತು. ಕಚೇರಿಯಲ್ಲಿ ಸಹಿ ಹಾಕುವಾಗಲೂ ನನ್ನ ಬೆರಳು ಎಡಕ್ಕೆ ಬಲಕ್ಕೆ ಆಡುತ್ತಿತ್ತು. ನಿದ್ದೆಯಂತೂ ಕೇಳಲೇಬೇಡಿ.

ಹೆಂಡತಿ ಸುಮಿತ್ರ ಕೊನೆಗೆ ಗಡುವು ಕೊಟ್ಟಳು. "ನೋಡ್ರೀ, ಗೌರಿ ಹಬ್ಬದಲ್ಲಿ ಮನೆಗೆ ಬಂದೋರ್ ಮುಂದೆಲ್ಲ ಇದು ಎಲೆ ಅಡಿಕೆ ತಟ್ಟೆ ತಕ್ಕೊಂಡೋಗಿ ನಿಂತ್ರೆ ಮೇಜು ನಿಮ್ದು. ಇಲ್ಲಾಂದ್ರೆ ಎಲ್ಲಾನೂ ಗುಜರಿಗೆ."

ಅಂತೂ ಇಂತೂ ಹಬ್ಬದ ಬೆಳಗ್ಗೆ ಗಾಡಿ ಸರಿಹೋಗಿ ಚಿನ್ನದಂತೆ ಓಡಿತು. ಸಂಜೆ ಬೀದಿಯ ಹೆಂಗಸರು ನಡುಮನೆಯಲ್ಲಿ ಸಾಲಾಗಿ ಕೂತಿದ್ದರು. ಮಗಳಿಗೆ ಬಾಗಿನ ಕೊಡಲು ತಮ್ಮ ಹಳ್ಳಿ ಹೆಮ್ಮಿಗೆಯಿಂದ ಅತ್ತೆಯೂ ಬಂದಿದ್ದರು. ನಾನು ಗಾಡಿಯನ್ನು ನೆಲಕ್ಕಿಳಿಸಿದ್ದೇ ತಡ, ಅತ್ತೆ ಎದ್ದರು.

"ತಡೀರಿ ಅಳಿಮಯ್ಯ! ಒಸಾ ಗಾಡೀನ ಅಂಗೇ ಓಡಿಸ್ಬುಟ್ಟೀರಾ?"

ಅರಿಶಿನ ಕುಂಕುಮ ಹಚ್ಚಿ, ಒಂದೊಂದು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣಿಟ್ಟರು.

"ಅತ್ತೆ, ಇದಕ್ಕೆ ಅಷ್ಟು ಶಕ್ತಿ ಇಲ್ಲ."

"ನಮ್ ಟ್ರ್ಯಾಕ್ಟರ್‌ಗೂ ಇಟ್ಟಿದ್ದೆ ಕಣಪ್ಪ, ಅಪ್ಪಚ್ಚಿ ಮಾಡ್ಕಂಡ್ ಓಯ್ತು. ಓಡ್ಸಿ ನೀವು."

ಅತ್ತೆಗೆ ಇಲ್ಲ ಎನ್ನುವ ಬಟನ್ ನನ್ನ ಮೊಬೈಲಿನಲ್ಲಿರಲಿಲ್ಲ. ಮುಂದಕ್ಕೆ ಒತ್ತಿದೆ. ಗಾಡಿ ಗುಂಯ್ ಎಂದು ಹಣ್ಣಿಗೆ ಮೂತಿ ಒತ್ತಿ ನಿಂತಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಸುಮ್ಮನಿರಲು ನನಗೆ ಬಂದರೆ ತಾನೇ? ಒತ್ತಿದೆ, ಒತ್ತುತ್ತಲೇ ಹೋದೆ. ಮೋಟಾರಿಗೆ ಕರೆಂಟು ಕೊಡುವ ಬೋರ್ಡಿನಿಂದ ಸಣ್ಣಗೆ ಹೊಗೆ ಎದ್ದಿತು. ಧೂಪವೆಂದುಕೊಂಡು ಒಬ್ಬರು ಕೈಮುಗಿದರು. ಅಯ್ಯೋ, ಒಂದು ವರ್ಷ ಪಟ್ಟ ಪಾಡು!

"ಓಗ್ಲಿ ಬುಡಿ, ದೃಷ್ಟಿಯೆಲ್ಲ ಸುಟ್ಟೋಯ್ತು" ಎಂದ ಅತ್ತೆ, ಎಲೆ ಅಡಿಕೆ ತಟ್ಟೆಯನ್ನು ನನ್ನ ಕೈಗಿಟ್ಟು ಗೋಡೆಗೊರಗಿ ಕೂತರು. "ಮುಂದುಕ್ ನಡೀರಿ ಅಳಿಮಯ್ಯ. ಎಡಕ್ಕೆ. ಅಯ್ಯೋ, ಆವಮ್ಮನ್ ಬುಟ್ಬುಟ್ರಲ್ಲ, ಇಂದುಕ್ ಬನ್ನಿ."

ಮುಂದಕ್ಕೆ ಹೋದೆ, ಎಡಕ್ಕೆ ತಿರುಗಿದೆ, ಹಿಂದಕ್ಕೆ ಬಂದೆ. ಎಲ್ಲರಿಗೂ ಎಲೆ ಅಡಿಕೆ ತಲುಪಿತು.

ಮೇಜು ಒರೆಸಲು ಬಟ್ಟೆ ತಂದ ಸುಮಿತ್ರ ನನ್ನನ್ನು ನೋಡಿ ತಾಯಿಗೆ ಹೇಳಿದಳು: "ನೋಡವ್ವ, ಇದೊಂದು ಮಾತ್ರ ಏಳ್ದಂಗೆ ಕೇಳ್ತದೆ."